ಬಿಗಿದು ಕೂತ ಹಳೆಯ ಬೆಂಚ್ ವೈಸ್ ಬಿಚ್ಚಿ ಸರಿಮಾಡಿದ್ದು

ಬೆಂಚ್ ವೈಸ್ ಎಂದರೆ ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯಲು ಬೆಂಚಿಗೆ ಕೂರಿಸುವ ಉಪಕರಣ; ಹಿಂದಿನ ದವಡೆ ಸ್ಥಿರ, ಮುಂದಿನದು ಸ್ಕ್ರೂ ತಿರುಗಿಸಿದಂತೆ ಚಲಿಸುತ್ತದೆ. ಇದರ ದವಡೆಯ ಅಗಲ 100 ಮಿಲಿಮೀಟರ್, ಮೈ ಪೂರ್ತಿ ಬೀಡು ಕಬ್ಬಿಣ (ಎರಕದ ಕಬ್ಬಿಣ), ಒಳಗೆ ಚೌಕ ಥ್ರೆಡ್ಡಿನ ಉಕ್ಕಿನ ಸ್ಕ್ರೂ. ಕೈಗೆ ಬಂದಾಗ ಈ ವೈಸ್‌ನ ಸ್ಕ್ರೂ ಒಂದಿಷ್ಟೂ ತಿರುಗುತ್ತಿರಲಿಲ್ಲ. ಹ್ಯಾಂಡಲ್ ಬಾಗಿತ್ತು. ಮುಂದಿನ ದವಡೆ ಪ್ಲೇಟಿನ ಎರಡು ಸ್ಕ್ರೂಗಳಲ್ಲಿ ಒಂದು ಇರಲಿಲ್ಲ. ಒಂದರ ಮೇಲೊಂದು ಬಳಿದ ಹಳೆಯ ಬಣ್ಣ, ಅದು ಎದ್ದಲ್ಲೆಲ್ಲ ತುಕ್ಕು.

ಇಂಥ ವೈಸ್ ನೋಡಿದವರ ಕಣ್ಣು ಮೊದಲು ತುಕ್ಕಿನ ಮೇಲೆ ಹೋಗುತ್ತದೆ. ನಾನು ನೋಡುವುದು ಹ್ಯಾಂಡಲನ್ನು. ಅದು ಬಾಗಿದೆ ಎಂದರೆ ಯಾರೋ ಪೈಪ್ ಹಾಕಿ ಜಗ್ಗಿದ್ದಾರೆ, ಇಲ್ಲವೇ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಿದ್ದಾರೆ. ಆ ಬಲ ಹ್ಯಾಂಡಲ್‌ನಲ್ಲೇ ನಿಂತಿತೋ, ಮುಂದೆ ಸ್ಕ್ರೂ, ನಟ್, ಎರಕದ ಮೈಗೂ ಹೋಯಿತೋ ಎಂಬುದರ ಮೇಲೆ ವೈಸ್ ಉಳಿಯುತ್ತದೋ ಇಲ್ಲವೋ ಎಂಬುದು ನಿಂತಿದೆ. ತುಕ್ಕಿನಿಂದ ಸತ್ತ ವೈಸ್ ಕಡಿಮೆ. ಬಲಪ್ರಯೋಗದಿಂದ ಸತ್ತದ್ದೇ ಜಾಸ್ತಿ. ಅದನ್ನು ಬಿಚ್ಚುವಾಗಲೂ ಅದೇ ಬಲಪ್ರಯೋಗ ಮಾಡಿ ಕೊನೆಗಾಣಿಸುವವರಿದ್ದಾರೆ. ಹಾಗಾಗಿ ಈ ಕೆಲಸದಲ್ಲಿ ಕ್ರಮ ಮುಖ್ಯ: ಮೊದಲು ಬಿರುಕು ಹುಡುಕುವುದು, ಆಮೇಲೆ ಸ್ಕ್ರೂ ಸಡಿಲಿಸುವುದು, ತುಕ್ಕು ತೆಗೆಯುವುದು ಅದಾದ ಮೇಲೆ.

ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಒಡೆಯುವ ಮುನ್ನ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು, ಬಣ್ಣದ ಅಡಿಯಲ್ಲಿ ಅದು ಕಾಣುವುದಿಲ್ಲ. ನೋಡಬೇಕಾದ ಜಾಗಗಳು ನಾಲ್ಕು: ಸ್ಥಿರ ದವಡೆ ಮೈಯಿಂದ ಮೇಲೇಳುವ ಮೂಲೆ, ಚಲಿಸುವ ದವಡೆ ಅದರ ಜಾರುಪಟ್ಟಿಗೆ ಸೇರುವ ಮೂಲೆ, ನಟ್ ಕೂರುವ ಜಾಗದ ಸುತ್ತ, ಬೆಂಚಿಗೆ ಬೋಲ್ಟ್ ಹಾಕುವ ಕಿವಿಗಳು. ಮೊದಲು ವೈಸನ್ನು ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿದೆ. ಬಿರುಕು ಬಿಟ್ಟ ಎರಕ ಒಡಕು ದನಿ ಕೊಡುತ್ತದೆ. ಆದರೆ ಎಲ್ಲ ಭಾಗಗಳೂ ಬಿಗಿದು ಕೂತಿರುವಾಗ ಈ ದನಿಯನ್ನು ಪೂರ್ತಿ ನಂಬುವಂತಿಲ್ಲ. ಬಿಡಿಭಾಗ ಬೇರೆಯಾದ ಮೇಲೆ ಮತ್ತೊಮ್ಮೆ ತಟ್ಟಲೇಬೇಕು.

ಹೆಚ್ಚು ನಂಬಬಹುದಾದದ್ದು ಸೀಮೆಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯ ಪರೀಕ್ಷೆ. ಅನುಮಾನದ ಮೂಲೆಯಲ್ಲಿ ಬಣ್ಣ ಕೆರೆದು, ಜಿಡ್ಡು ಒರೆಸಿ, ಬ್ರಷ್‌ನಿಂದ ಸೀಮೆಎಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಡಬೇಕು. ಬಿರುಕಿದ್ದರೆ ಎಣ್ಣೆ ಅದರೊಳಗೆ ಇಳಿಯುತ್ತದೆ. ಆಮೇಲೆ ಮೇಲ್ಮೈಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉಜ್ಜಿ, ಹತ್ತಿರದಲ್ಲಿ ಸುತ್ತಿಗೆಯಿಂದ ನಾಲ್ಕು ಬಾರಿ ತಟ್ಟಬೇಕು. ಒಳಗಿಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ನನ್ನ ವೈಸಿನಲ್ಲಿ ದವಡೆಯ ಮೂಲೆಗಳು ಸ್ವಚ್ಛವಾಗಿದ್ದವು. ಒಂದು ಕಿವಿಯ ಅಂಚಿನಲ್ಲಿ ಮಾತ್ರ ಅರ್ಧ ಬೆರಳುದ್ದದ ಗೆರೆ ಬಂತು. ಕಿವಿಯ ಬಿರುಕಿಗೆ ಅಗಲವಾದ ದಪ್ಪ ವಾಷರ್ ಹಾಕಿ ಭಾರ ಹಂಚಿದರೆ ಕೆಲಸ ನಡೆಯುತ್ತದೆ. ಅದೇ ಗೆರೆ ದವಡೆಯ ಬುಡದಲ್ಲಿ ಕಂಡಿದ್ದರೆ ಮುಂದುವರಿಯುತ್ತಿರಲಿಲ್ಲ. ನಿಕ್ಕಲ್ ರಾಡ್‌ನಿಂದ ಬೆಸುಗೆ ಹಾಕಬಹುದು, ಹಿತ್ತಾಳೆ ಬೆಸುಗೆಯೂ ಆಗುತ್ತದೆ. ಆದರೆ ಅದಕ್ಕೆ ಇಡೀ ಎರಕವನ್ನು ಸಮನಾಗಿ ಕಾಯಿಸಿ ನಿಧಾನವಾಗಿ ಆರಿಸಬೇಕು. ಮನೆಯ ಗ್ಯಾರೇಜಿನಲ್ಲಿ ಹಾಗೆ ಬೆಸೆದ ದವಡೆಯನ್ನು ಪೂರ್ತಿ ಬಿಗಿಗೆ ನಂಬಲು ನನಗೆ ಧೈರ್ಯ ಬರುವುದಿಲ್ಲ.

ಈಗ ಸ್ಕ್ರೂ. ವೈಸಿನ ಸ್ಕ್ರೂ ಬಿಗಿಯುವುದು ಸಾಮಾನ್ಯವಾಗಿ ಮೂರು ಕಡೆ: ನಟ್ಟಿನ ಒಳಗೆ, ಮುಂದಿನ ದವಡೆಯಲ್ಲಿ ಸ್ಕ್ರೂ ಹಾದುಹೋಗುವ ತೂತಿನಲ್ಲಿ, ಚಲಿಸುವ ದವಡೆ ಮೈಯೊಳಗೆ ಜಾರುವ ತೋಡಿನಲ್ಲಿ. ಮೂರನೆಯದನ್ನು ಬಹಳ ಜನ ಮರೆತುಬಿಡುತ್ತಾರೆ. ಸ್ಕ್ರೂ ಬಿಗಿದಿದೆ ಎಂದುಕೊಂಡು ಅದಕ್ಕೇ ಎಣ್ಣೆ ಸುರಿಯುತ್ತಿರುತ್ತಾರೆ, ಹಿಡಿದುಕೊಂಡಿರುವುದು ಜಾರುಪಟ್ಟಿ. ಆದ್ದರಿಂದ ಮೊದಲು ಹಳೆಯ ಗ್ರೀಸನ್ನೆಲ್ಲ ಕಡ್ಡಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಉಜ್ಜಿ, ಮೂರೂ ಕಡೆ ಕಬ್ಬಿಣ ಕಾಣುವಂತೆ ಮಾಡಿಕೊಂಡೆ. ಒಣಗಿದ ಗ್ರೀಸ್ ಮತ್ತು ಅರದ ಪುಡಿ ಸೇರಿದರೆ ಕಲ್ಲಿನಷ್ಟು ಗಟ್ಟಿ. ಅದರ ಮೇಲೆ ಸುರಿದ ಎಣ್ಣೆ ಒಳಗೆ ಇಳಿಯುವುದೇ ಇಲ್ಲ.

ಒಳನುಗ್ಗುವ ಎಣ್ಣೆಗೆ ನಾನು ಬಳಸುವುದು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಎರಡೂ ಸಮಪಾಲು. ಇವು ಚೆನ್ನಾಗಿ ಬೆರೆಯುವುದಿಲ್ಲ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಎಣ್ಣೆಯನ್ನು ತೆಳುವಾಗಿಸಿ ಸಂದಿಗೆ ಕರೆದೊಯ್ಯುತ್ತದೆ, ತಾನು ಆವಿಯಾಗಿ ಎಣ್ಣೆಯನ್ನು ಅಲ್ಲೇ ಬಿಡುತ್ತದೆ. ಪ್ಲಾಸ್ಟಿಕ್ ಬಾಟಲಿ ಕೆಲವು ಕರಗುತ್ತವೆ, ಆದ್ದರಿಂದ ಲೋಹದ ಎಣ್ಣೆ ಡಬ್ಬಿಯೇ ಒಳ್ಳೆಯದು. ಬೇಗ ಬೆಂಕಿ ಹತ್ತುವ ವಸ್ತು ಎಂಬುದು ನೆನಪಿರಲಿ. ಅಸಿಟೋನ್ ಇಲ್ಲದಿದ್ದರೆ ಡೀಸೆಲ್ ಅಥವಾ ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿದರೂ ಆಗುತ್ತದೆ, ಹೊತ್ತು ಹೆಚ್ಚು ಬೇಕು ಅಷ್ಟೇ. ವೈಸನ್ನು ಸ್ಕ್ರೂ ನೆಟ್ಟಗೆ ನಿಲ್ಲುವಂತೆ ಇಟ್ಟು, ಎಣ್ಣೆ ತಾನಾಗಿ ನಟ್ಟಿನ ಕಡೆ ಇಳಿಯುವ ಹಾಗೆ ಮಾಡಿ, ಬೆಳಿಗ್ಗೆ ಸಂಜೆ ಹಾಕಿ ಬಿಟ್ಟೆ. ಹಾಕಿದಾಗಲೆಲ್ಲ ಸ್ಕ್ರೂವಿನ ತಲೆಯ ಮೇಲೆ ತಾಮ್ರದ ತುಂಡಿಟ್ಟು ಹತ್ತಿಪ್ಪತ್ತು ಸಲ ಮೆಲ್ಲಗೆ ತಟ್ಟಬೇಕು. ಎಣ್ಣೆಗೆ ದಾರಿ ಬಿಡಿಸುವುದು ಈ ಕಂಪನ. ಜೋರಾಗಿ ಒಂದೇಟು ಹಾಕುವುದರಿಂದ ಥ್ರೆಡ್ಡಿಗೆ ಪೆಟ್ಟಾಗುತ್ತದೆಯೇ ಹೊರತು ತುಕ್ಕು ಬಿಡುವುದಿಲ್ಲ.

ತಿರುಗಿಸುವಾಗ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಚೂರು, ಆಮೇಲೆ ಸಡಿಲಿಸುವ ದಿಕ್ಕಿಗೆ. ತುಕ್ಕಿನ ಕಣಗಳು ಒಂದೇ ದಿಕ್ಕಿನಲ್ಲಿ ಒತ್ತಿಕೊಂಡು ಆಪಿನಂತೆ ಸಿಕ್ಕಿಕೊಳ್ಳುತ್ತವೆ, ಹಿಂದೆ ಮುಂದೆ ಆಡಿಸಿದರೆ ಪುಡಿಯಾಗುತ್ತವೆ. ಕಾಲು ಸುತ್ತು ಸಿಕ್ಕಿತು ಎಂದು ಖುಷಿಯಲ್ಲಿ ಒಂದೇ ಸಮ ತಿರುಗಿಸಬಾರದು. ಕೆಂಪು ಮಿಶ್ರಿತ ಎಣ್ಣೆ ಹೊರಬಂದಾಗ ಒರೆಸಿ, ಹೊಸ ಎಣ್ಣೆ ಹಾಕಿ, ಮತ್ತೆ ಅಷ್ಟೇ ದೂರ ಹಿಂದೆ ಹೋಗಿ ಬರಬೇಕು. ಹೀಗೆ ಮಾಡಿದರೆ ಥ್ರೆಡ್ ಕೆರೆದುಹೋಗುವುದಿಲ್ಲ.

ಇದಕ್ಕೂ ಬಗ್ಗದಿದ್ದರೆ ಶಾಖ. ಎಣ್ಣೆಯನ್ನೆಲ್ಲ ಒರೆಸಿ, ಡಬ್ಬಿಗಳನ್ನು ದೂರವಿಟ್ಟು, ಬಾಗಿಲು ತೆರೆದಿಟ್ಟು, ಹೀಟ್ ಗನ್‌ನಿಂದ ನಟ್ ಇರುವ ಜಾಗದ ಸುತ್ತಲಿನ ಮೈಯನ್ನು ನಿಧಾನವಾಗಿ ಕಾಯಿಸಬೇಕು. ನೀರಿನ ಹನಿ ಹಾಕಿದರೆ ಚುರ್ ಎನ್ನುವಷ್ಟು ಸಾಕು. ಕೆಂಪಗೆ ಕಾಯಿಸುವ ಮಾತೇ ಬೇಡ. ಬೀಡಿನ ಒಂದು ಮೂಲೆ ಮಾತ್ರ ಬೇಗ ಕಾದರೆ ಸೀಳುತ್ತದೆ, ಕಾದ ಬೀಡಿಗೆ ನೀರು ಸುರಿದರೂ ಸೀಳಬಹುದು. ಹೊರಗಿನ ಮೈ ಸ್ವಲ್ಪ ಹಿಗ್ಗಿ, ಒಳಗಿನ ಸ್ಕ್ರೂ ಇನ್ನೂ ತಣ್ಣಗಿರುವ ಆ ಕೆಲವು ನಿಮಿಷದಲ್ಲೇ ಆಡಿಸಬೇಕು. ಎರಡೂ ಒಂದೇ ಬಿಸಿಗೆ ಬಂದ ಮೇಲೆ ಆಡಿಸಿ ಲಾಭ ಕಡಿಮೆ. ಈ ವೈಸು ಎರಡನೆಯ ಸಲ ಕಾಯಿಸಿದಾಗ ಕಟ್ ಎಂದು ಸದ್ದು ಮಾಡಿ ಬಿಟ್ಟಿತು.

ಬಿಚ್ಚುವ ಕ್ರಮ ಬಹುಪಾಲು ವೈಸುಗಳಲ್ಲಿ ಒಂದೇ. ಸ್ಕ್ರೂ ನಟ್ಟಿನಿಂದ ಪೂರ್ತಿ ಹೊರಬರುವವರೆಗೆ ತಿರುಗಿಸಿದರೆ ಚಲಿಸುವ ದವಡೆ ಸ್ಕ್ರೂ ಸಮೇತ ಮುಂದೆ ಬರುತ್ತದೆ. ಕೊನೆಯ ಎರಡು ಸುತ್ತಿನಲ್ಲಿ ಅಡಿಗೆ ಕೈ ಕೊಡಿ ಅಥವಾ ಮರದ ತುಂಡಿಡಿ. ಅಷ್ಟು ತೂಕದ ಎರಕ ಬಿದ್ದರೆ ಕಾಲಿಗೂ ಪೆಟ್ಟು, ದವಡೆಗೂ ಪೆಟ್ಟು. ದವಡೆಯನ್ನು ಬೋರಲು ಹಾಕಿದರೆ ಒಳಗೆ ಸ್ಕ್ರೂವಿನ ಮೇಲೆ ಸ್ಪ್ರಿಂಗ್, ವಾಷರ್, ಅದನ್ನು ತಡೆಯುವ ಸ್ಪ್ಲಿಟ್ ಪಿನ್ (ತೂತಿಗೆ ಹಾಕಿ ಎರಡು ಬಾಲ ಬಾಗಿಸಿ ನಿಲ್ಲಿಸುವ ಪಿನ್) ಕಾಣುತ್ತದೆ. ಹಿಂದಕ್ಕೆ ತಿರುಗಿಸಿದಾಗ ದವಡೆಯನ್ನು ಎಳೆದು ತರುವುದು ಈ ಪಿನ್ನೇ. ಹ್ಯಾಂಡಲ್ ಸಲೀಸಾಗಿ ತಿರುಗುತ್ತದೆ, ಸ್ಕ್ರೂ ಹೊರಗೆ ಬರುತ್ತದೆ, ದವಡೆ ಮಾತ್ರ ನಿಂತಲ್ಲೇ ನಿಂತಿದೆ ಎಂದು ದೂರುವ ವೈಸಿನಲ್ಲಿ ಮುರಿದಿರುವುದು ಸಾಮಾನ್ಯವಾಗಿ ಇದೊಂದೇ. ಪಿನ್ನಿನ ಬಾಲ ನೆಟ್ಟಗೆ ಮಾಡಿ, ತಲೆಯನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಅದು ತುಂಡಾದರೆ ಉಳಿದದ್ದನ್ನು ಸಣ್ಣ ಪಂಚ್‌ನಿಂದ ತಳ್ಳಬೇಕು. ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಪಿನ್ ಬಂದ ಕ್ಷಣ ಚಿಮ್ಮುತ್ತದೆ. ಮೇಲೆ ಬಟ್ಟೆ ಹಾಕಿ ಹಿಡಿದುಕೊಳ್ಳಿ. ಹಳೆಯ ಪಿನ್ ಮತ್ತೆ ಹಾಕುವ ಹಾಗಿಲ್ಲ, ಬಾಗಿಸಿ ಬಿಚ್ಚಿದ ಜಾಗದಲ್ಲಿ ಅದು ಬೇಗ ಮುರಿಯುತ್ತದೆ. ನಟ್ಟು ಮೈಯ ಅಡಿಯಿಂದ ಒಂದು ಬೋಲ್ಟಿನಲ್ಲಿ ಕೂತಿತ್ತು. ಅದು ಯಾವ ಮುಖ ಮಾಡಿ ಕೂತಿದೆ ಎಂದು ಸೆಂಟರ್ ಪಂಚ್‌ನಿಂದ ಒಂದು ಚುಕ್ಕೆ ಹಾಕಿಕೊಂಡು ತೆಗೆದೆ. ನಟ್ಟು ತಿರುಗುಮುರುಗಾಗಿ ಕೂತರೆ ಸವೆದ ಹಾದಿ ಹೊಂದುವುದಿಲ್ಲ, ಸ್ಕ್ರೂ ಬಿಗಿಯಾಗಿ ಓಡುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ಸಹನೆ ಬೇಡುವುದು ದವಡೆ ಪ್ಲೇಟಿನ ಸ್ಕ್ರೂಗಳು. ಪ್ಲೇಟು ಗಟ್ಟಿ ಮಾಡಿದ ಉಕ್ಕು, ಸ್ಕ್ರೂವಿನ ತಲೆ ಅದರೊಳಗೆ ಹುದುಗಿ ಕೂತಿರುತ್ತದೆ, ಪ್ಲೇಟಿನ ಹಿಂದೆ ಬೆಳೆದ ತುಕ್ಕು ಪ್ಲೇಟನ್ನು ಹೊರಗೆ ತಳ್ಳುತ್ತ ಸ್ಕ್ರೂವನ್ನು ಇನ್ನಷ್ಟು ಬಿಗಿಯುತ್ತಿರುತ್ತದೆ. ಮೊದಲು ತಲೆಯ ಸೀಳನ್ನು ಹಳೆಯ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ತಳ ಕಾಣುವವರೆಗೆ ಬಿಡಿಸಿಕೊಂಡೆ. ಸೀಳಿನ ಅಗಲ ಮತ್ತು ದಪ್ಪ ಎರಡನ್ನೂ ತುಂಬುವ ಬಿಟ್ ಬೇಕು. ಸ್ವಲ್ಪ ತೆಳುವಾದ ಬಿಟ್ ಹಾಕಿದರೂ ಸೀಳಿನ ಅಂಚು ಹಾರುತ್ತದೆ, ಆಮೇಲೆ ಹಿಡಿತವೇ ಇಲ್ಲ. ಸಾಮಾನ್ಯ ಸ್ಕ್ರೂ ಡ್ರೈವರ್ ಇಲ್ಲಿ ಸಾಲದು. ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು, ಒಂದು ಕಿಲೋ ತೂಕದ ಸುತ್ತಿಗೆ ಬೇಕು. ಏಟು ಬಿಟ್ಟನ್ನು ಸೀಳಿನೊಳಗೆ ಒತ್ತಿಹಿಡಿಯುತ್ತದೆ, ಅದೇ ಗಳಿಗೆಯಲ್ಲಿ ತಿರುಗಿಸುತ್ತದೆ, ಆದ್ದರಿಂದ ಬಿಟ್ ಮೇಲೆದ್ದು ಜಾರುವುದಿಲ್ಲ. ಹೊಡೆಯುವ ಮೊದಲು ದಿಕ್ಕು ಸಡಿಲಿಸುವ ಕಡೆಗಿದೆಯೇ ಎಂದು ನೋಡಿಕೊಳ್ಳಿ. ದವಡೆ ಬಿಡಿಯಾಗಿ ಮರದ ದಿಮ್ಮಿಯ ಮೇಲೆ ಮಲಗಿರಬೇಕು, ಗಾಳಿಯಲ್ಲಿ ನೇತಾಡುವ ದವಡೆಗೆ ಹೊಡೆಯಬೇಡಿ.

ಮೂರು ಸ್ಕ್ರೂಗಳಲ್ಲಿ ಎರಡು ಬಂದವು, ಮೂರನೆಯದರ ತಲೆ ಹಾಳಾಗಿತ್ತು. ಆಗ ತಲೆಯನ್ನು ಡ್ರಿಲ್ ಮಾಡಿ ಹಾರಿಸುವುದೇ ದಾರಿ. ಎಂ8 (8 ಮಿ.ಮೀ. ದಪ್ಪದ ಮೆಟ್ರಿಕ್) ಸ್ಕ್ರೂವಿಗೆ 8.5 ಮಿ.ಮೀ. ಬಿಟ್ ಹಾಕಿ, ತಲೆಯ ದಪ್ಪದಷ್ಟೇ ಆಳ ಹೋದರೆ ತಲೆ ಉಂಗುರದಂತೆ ಕಳಚುತ್ತದೆ. ಪ್ಲೇಟು ಎದ್ದು ಬಂದ ಮೇಲೆ ಅದರ ದಪ್ಪದಲ್ಲಿ ತಲೆಯ ದಪ್ಪ ಕಳೆದಷ್ಟು ಸ್ಕ್ರೂವಿನ ಮೊಂಡು ಹೊರಗೆ ಉಳಿಯುತ್ತದೆ. ಪ್ಲೇಟಿನ ಒತ್ತಡ ಹೋದ್ದರಿಂದ ಆ ಮೊಂಡು ಲಾಕಿಂಗ್ ಪ್ಲೈಯರ್‌ಗೆ ಬಹುಪಾಲು ಸುಲಭವಾಗಿ ಬರುತ್ತದೆ. ಇಲ್ಲೂ ಹಾಗೇ ಆಯಿತು.

ಕಾಣೆಯಾಗಿದ್ದ ನಾಲ್ಕನೆಯ ಸ್ಕ್ರೂ ನಿಜಕ್ಕೂ ಕಾಣೆಯಾಗಿರಲಿಲ್ಲ, ತಲೆ ಮುರಿದು ಮೈ ಒಳಗೇ ಉಳಿದಿತ್ತು, ಅದೂ ಎರಕದ ಮಟ್ಟಕ್ಕೆ. ಇಂಥಲ್ಲಿ ಈಜಿ ಔಟ್ (ಮೊಂಡಿಗೆ ತೂತು ಕೊರೆದು, ಅದರಲ್ಲಿ ಬಿಗಿದು ಹಿಂದಕ್ಕೆ ತಿರುಗಿಸಿ ತೆಗೆಯುವ ಉಪಕರಣ) ತೆಗೆದುಕೊಳ್ಳುವವರನ್ನು ತಡೆಯಬೇಕೆನಿಸುತ್ತದೆ. ಅದು ಬಹಳ ಗಟ್ಟಿ, ಅಷ್ಟೇ ಪೆಡಸು. ಒಳಗೆ ಮುರಿದರೆ ಮನೆಯಲ್ಲಿರುವ ಯಾವ ಡ್ರಿಲ್ ಬಿಟ್ಟೂ ಅದನ್ನು ಕೊರೆಯುವುದಿಲ್ಲ. ನಾನು ಮೊಂಡಿನ ಸರಿಯಾದ ನಡುವಿಗೆ ಸೆಂಟರ್ ಪಂಚ್ ಹಾಕಿ, ಎಡಕ್ಕೆ ತಿರುಗುವ 5 ಮಿ.ಮೀ. ಬಿಟ್‌ನಿಂದ ನಿಧಾನ ವೇಗದಲ್ಲಿ ಕೊರೆದೆ. ಈ ಬಿಟ್ ಕೊರೆಯುವ ದಿಕ್ಕೇ ಸ್ಕ್ರೂ ಸಡಿಲವಾಗುವ ದಿಕ್ಕು. ಎಷ್ಟೋ ಸಲ ಅರ್ಧ ಆಳಕ್ಕೆ ಹೋಗುವಷ್ಟರಲ್ಲಿ ಬಿಟ್ ಕಚ್ಚಿಕೊಂಡು ಮೊಂಡನ್ನೇ ಹೊರಗೆ ತರುತ್ತದೆ. ಈ ಸಲ ಬರಲಿಲ್ಲ. ಹಾಗಾದರೆ 6.8 ಮಿ.ಮೀ.ವರೆಗೆ ಕೊರೆದು ಎಂ8 ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಬೇಕು. ನಡು ಸರಿಯಾಗಿ ಹಿಡಿದಿದ್ದರೆ ಹಳೆಯ ಥ್ರೆಡ್ಡಿನ ಸಂದಿಯಲ್ಲಿ ಉಳಿದ ಉಕ್ಕಿನ ಸುರುಳಿ ಟ್ಯಾಪ್ ಹೋಗುವಾಗ ಬಿಚ್ಚಿಕೊಂಡು ಬರುತ್ತದೆ. ಬೀಡಿಗೆ ಟ್ಯಾಪ್ ಹಾಕುವಾಗ ಎಣ್ಣೆ ಬೇಕಿಲ್ಲ. ಅದರೊಳಗಿನ ಗ್ರಾಫೈಟೇ ಜಾರಿಕೆ ಕೊಡುತ್ತದೆ, ಎಣ್ಣೆ ಹಾಕಿದರೆ ಕರಿಪುಡಿ ಮುದ್ದೆಯಾಗಿ ಟ್ಯಾಪ್ ಹಿಡಿಯುತ್ತದೆ. ಆದರೆ ಒಳಗೆ ಉಕ್ಕಿನ ಅವಶೇಷ ಇರುವವರೆಗೆ ಒಂದು ಹನಿ ಸೀಮೆಎಣ್ಣೆ ಇರಲಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪುಡಿಯನ್ನು ಊದುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು.

ಹೊಸ ಸ್ಕ್ರೂ ತರುವಾಗ ಒಂದು ವಿಷಯ. ಮೆಟ್ರಿಕ್ ಸ್ಕ್ರೂವಿನ ಹುದುಗುವ ತಲೆಯ ಕೋನ 90 ಡಿಗ್ರಿ. ಇಂಚಿನ ಲೆಕ್ಕದ ಹಳೆಯ ವೈಸುಗಳಲ್ಲಿ ಅದು 82 ಡಿಗ್ರಿ ಇರಬಹುದು. ಅಳತೆ ಸರಿಯಾಗಿ ಕಂಡರೂ ಕೋನ ಬೇರೆಯಾದರೆ ತಲೆ ಒಂದು ಅಂಚಿನಲ್ಲಿ ಮಾತ್ರ ಕೂರುತ್ತದೆ, ಕೆಲವು ಸಲ ಬಿಗಿದು ಹೊಡೆದ ಮೇಲೆ ಸಡಿಲವಾಗುತ್ತದೆ. ತಲೆಗೆ ಮಾರ್ಕರ್ ಪೆನ್ನಿನ ಬಣ್ಣ ಹಚ್ಚಿ, ಒಮ್ಮೆ ಬಿಗಿದು ತೆಗೆದು, ಬಣ್ಣ ಎಲ್ಲಿ ಅಳಿಸಿದೆ ನೋಡಿದರೆ ಗೊತ್ತಾಗುತ್ತದೆ. ಸುತ್ತಲೂ ಅಗಲವಾಗಿ ಅಳಿಸಿರಬೇಕು.

ತುಕ್ಕು ತೆಗೆಯಲು ದಾರಿ ಹಲವು. ಸಣ್ಣ ಬೋಲ್ಟು ವಾಷರ್‌ಗಳಿಗೆ ವಿನಿಗರ್ ಸಾಕು, ಒಂದು ರಾತ್ರಿ ನೆನೆಸಿ, ಉಜ್ಜಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಆಮ್ಲ ಕೊಂದು, ಒಣಗಿಸಿ ಎಣ್ಣೆ ಹಚ್ಚಬೇಕು. ಮರೆತು ಬಿಟ್ಟರೆ ವಿನಿಗರ್ ತುಕ್ಕಿನ ಜೊತೆಗೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಗ್ರೈಂಡರಿಗೆ ವೈರ್ ಕಪ್ (ಬಟ್ಟಲಿನಾಕಾರದ ತಂತಿ ಬ್ರಷ್) ಹಾಕಿ ಉಜ್ಜುವುದು ಬೇಗದ ದಾರಿ, ಅಪಾಯದ ದಾರಿಯೂ ಹೌದು. ವೈರ್ ಕಪ್‌ನ ಮೇಲೆ ಬರೆದಿರುವ ಗರಿಷ್ಠ ವೇಗ ಗ್ರೈಂಡರಿನ ವೇಗಕ್ಕಿಂತ ಹೆಚ್ಚಿರಬೇಕು. ಸಣ್ಣ ಗ್ರೈಂಡರುಗಳು ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ಓಡುತ್ತವೆ. ತಂತಿಯ ಎಳೆಗಳು ಕಿತ್ತು ಸೂಜಿಯ ಹಾಗೆ ಹಾರುವುದರಿಂದ ಕನ್ನಡಕದ ಮೇಲೆ ಮುಖಕವಚವೂ ಬೇಕು.

ದೊಡ್ಡ ಎರಕಗಳಿಗೆ ನಾನು ಒಪ್ಪುವುದು ವಿದ್ಯುತ್ ವಿಧಾನ. ತುಕ್ಕನ್ನು ಬಿಡಿಸುತ್ತದೆ, ಗಟ್ಟಿ ಕಬ್ಬಿಣ ಮುಟ್ಟುವುದಿಲ್ಲ, ಎರಕದಲ್ಲಿ ಮೂಡಿದ ಅಕ್ಷರಗಳ ಅಂಚೂ ಹಾಗೇ ಉಳಿಯುತ್ತದೆ. 20 ಲೀಟರಿನ ಪ್ಲಾಸ್ಟಿಕ್ ಬಕೆಟ್, ಅದಕ್ಕೆ ಸುಮಾರು 100 ಗ್ರಾಂ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೋನೇಟ್. ಅಡುಗೆ ಸೋಡಾ ಬೇರೆ, ಅದು ಸೋಡಿಯಂ ಬೈಕಾರ್ಬೋನೇಟ್. ಅದಷ್ಟೇ ಇದ್ದರೆ ತಟ್ಟೆಯಲ್ಲಿ ಹರವಿ ಓವನ್ನಿನಲ್ಲಿ 200 ಡಿಗ್ರಿಗೆ ಒಂದು ಗಂಟೆ ಕಾಯಿಸಿದರೆ ಕಾರ್ಬೋನೇಟ್ ಆಗುತ್ತದೆ. ಅಡುಗೆ ಉಪ್ಪು ಮಾತ್ರ ಹಾಕಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಬಕೆಟ್ಟಿನ ಗೋಡೆಗೆ ಒತ್ತಿ ನಾಲ್ಕು ಕಡೆ ಕಟ್ಟಡಕ್ಕೆ ಬಳಸುವ ಸಾದಾ ಕಬ್ಬಿಣದ ಸರಳುಗಳನ್ನು ನಿಲ್ಲಿಸಿ, ನೀರಿನ ಮೇಲೆ ಉಳಿದ ತುದಿಗಳನ್ನು ದಪ್ಪ ತಂತಿಯಿಂದ ಒಂದಕ್ಕೊಂದು ಸೇರಿಸಿದೆ. ಇವಕ್ಕೆ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಪ್ಲಸ್. ನಡುವೆ ಕೋಲಿನಿಂದ ನೇತುಬಿಟ್ಟ ವೈಸಿನ ದವಡೆಗೆ ಮೈನಸ್. ಇದು ಅದಲುಬದಲಾದರೆ ಸರಳು ಉಳಿದು ವೈಸೇ ಕರಗುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮುನ್ನ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿ ನೋಡುವುದು ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲ್ ತುಂಡುಗಳನ್ನು ಸರಳಿನ ಬದಲು ಹಾಕಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಜಿಂಕ್ ಲೇಪಿಸಿದ ಕಬ್ಬಿಣವೂ ಬೇಡ. ಪ್ಲಸ್ ಕ್ಲಿಪ್ ನೀರಿನ ಮೇಲೇ ಇರಲಿ, ಮುಳುಗಿದರೆ ತಾಮ್ರ ಕರಗಿ ಕ್ಲಿಪ್ ಹಾಳಾಗುತ್ತದೆ. ದವಡೆಗೆ ಕ್ಲಿಪ್ ಹಿಡಿಯುವ ಜಾಗವನ್ನು ಹೊಳೆಯುವವರೆಗೆ ಅರದಿಂದ ಉಜ್ಜಿಕೊಳ್ಳಬೇಕು, ತುಕ್ಕಿನ ಮೇಲೆ ಕ್ಲಿಪ್ ಹಾಕಿದರೆ ಕರೆಂಟ್ ಹರಿಯುವುದಿಲ್ಲ.

ಸ್ವಿಚ್ ಹಾಕಿದ ಕೆಲವು ಕ್ಷಣದಲ್ಲಿ ದವಡೆಯ ಮೈಯಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. 2ರಿಂದ 4 ಆಂಪಿಯರ್ ಹರಿಯುತ್ತಿದ್ದರೆ ಸಾಕು. ಹೆಚ್ಚಾಗುತ್ತಿದ್ದರೆ ಒಂದು ಸರಳು ತೆಗೆಯಿರಿ. ಈಗಿನ ಕೆಲವು ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದಿದ್ದರೆ ಕರೆಂಟನ್ನೇ ಬಿಡುವುದಿಲ್ಲ. ಇದಕ್ಕೆ ಹಳೆಯ ಮಾದರಿಯ ಸಾದಾ ಚಾರ್ಜರ್ ಬೇಕು, ಅಥವಾ ಕರೆಂಟ್ ಮಿತಿ ಹಾಕಬಹುದಾದ ಪವರ್ ಸಪ್ಲೈ. ಏಳುವ ಗುಳ್ಳೆ ಹೈಡ್ರೋಜನ್. ಗ್ಯಾರೇಜಿನ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಕ್ಲಿಪ್ ಮುಟ್ಟುವ ಮೊದಲು ಸ್ವಿಚ್ ಆರಿಸಿ. ಕಿಡಿ ಹಾರುವುದೇ ಕ್ಲಿಪ್ ಕೀಳುವಾಗ.

ಕರೆಂಟ್ ಸರಳಿನಿಂದ ದವಡೆಗೆ ನೇರ ದಾರಿಯಲ್ಲೇ ಹೆಚ್ಚು ಹರಿಯುವುದರಿಂದ ಸರಳಿಗೆ ಕಾಣದ ಮುಖದಲ್ಲಿ ತುಕ್ಕು ಉಳಿಯುತ್ತದೆ. ಅದಕ್ಕೇ ನಾಲ್ಕು ಕಡೆ ಸರಳು, ಅದಕ್ಕೇ ನಡುವೆ ಒಮ್ಮೆ ದವಡೆಯನ್ನು ತಿರುಗಿಸಿಡುವುದು. ಸರಳುಗಳ ಮೇಲೆ ಕಿತ್ತಳೆ ಬಣ್ಣದ ಗಸಿ ಕಟ್ಟುತ್ತದೆ, ಆಗಾಗ ಕೆರೆಯದಿದ್ದರೆ ಕರೆಂಟ್ ಇಳಿಯುತ್ತದೆ. ಒಂದು ರಾತ್ರಿ ಕಳೆದ ಮೇಲೆ ಹೊರತೆಗೆದರೆ ದವಡೆ ಕಪ್ಪಗಿತ್ತು, ಹಳೆಯ ಬಣ್ಣವೂ ಬಹುಪಾಲು ಚರ್ಮದ ಹಾಗೆ ಎದ್ದು ಬಂತು. ಕಪ್ಪು ಮಸಿಯನ್ನು ನೀರು ಹರಿಸುತ್ತ ಗಟ್ಟಿ ಬ್ರಷ್‌ನಿಂದ ಉಜ್ಜಿದರೆ ಅಡಿಯಲ್ಲಿ ಬೂದು ಕಬ್ಬಿಣ.

ಅಲ್ಲಿಂದ ಮುಂದಿನದು ಅವಸರದ ಕೆಲಸ. ಬರಿಯ ಕಬ್ಬಿಣ ಒದ್ದೆಯಿದ್ದರೆ ನಿಮಿಷಗಳಲ್ಲಿ ಹಳದಿ ತಿರುಗುತ್ತದೆ. ಬಟ್ಟೆಯಿಂದ ಒರೆಸಿ, ತೂತುಗಳೊಳಗೆ ಹೀಟ್ ಗನ್ ಹಿಡಿದು, ಕೈಗೆ ಬೆಚ್ಚಗಾಗುವವರೆಗೆ ಒಣಗಿಸಿ, ಜಾರುವ ಮುಖಗಳಿಗೆ ಕೂಡಲೇ ತೆಳು ಎಣ್ಣೆ ಹಚ್ಚಿದೆ. ಸ್ಪ್ರಿಂಗನ್ನೂ ಗಟ್ಟಿ ಮಾಡಿದ ದವಡೆ ಪ್ಲೇಟುಗಳನ್ನೂ ಈ ಬಕೆಟ್ಟಿಗಾಗಲೀ ವಿನಿಗರಿಗಾಗಲೀ ಹಾಕಲಿಲ್ಲ. ಎರಡರಲ್ಲೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಲ್ಲದು. ಅವಕ್ಕೆ ಸೀಮೆಎಣ್ಣೆ, ಕೈಯ ವೈರ್ ಬ್ರಷ್, ತಾಳ್ಮೆ.

ಉಳಿದ ಬಣ್ಣ ತೆಗೆಯುವಾಗ ಒಣಗಿದಂತೆಯೇ ಎಮರಿ ಪೇಪರಿನಿಂದ ಉಜ್ಜಬೇಡಿ. ಹಳೆಯ ಉಪಕರಣಗಳ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು, ಆ ಧೂಳು ಉಸಿರಿಗೆ ಹೋಗಬಾರದು. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಬೇಕು.

ಈಗ ಮೈ ಬರಿದಾಗಿದೆ, ಸೀಮೆಸುಣ್ಣದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವ ಹೊತ್ತು. ಜೊತೆಗೆ ನಟ್ಟು ಮತ್ತು ಸ್ಕ್ರೂವಿನ ಸವೆತ. ಚೌಕ ಥ್ರೆಡ್ಡಿನ ತುದಿ ಚಪ್ಪಟೆಯಾಗಿರಬೇಕು. ಒಂದು ಪಕ್ಕ ಸವೆದು ಗರಗಸದ ಹಲ್ಲಿನಂತೆ ಚೂಪಾಗಿದ್ದರೆ ನಟ್ಟು ಬದಲಿಸಬೇಕು. ಸವೆತ ಬಹುಪಾಲು ನಟ್ಟಿನಲ್ಲೇ ಆಗುವುದು, ಸ್ಕ್ರೂ ಗಟ್ಟಿ. ನಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ, ಸ್ಕ್ರೂವನ್ನು ನಟ್ಟಿಗೆ ಹಾಕಿ ಹಿಂದೆ ಮುಂದೆ ಜಗ್ಗಿ ನೋಡಿ. ಸ್ವಲ್ಪ ಆಟ ಇದ್ದರೆ ತೊಂದರೆಯಿಲ್ಲ, ವೈಸ್ ಬಿಗಿಯುವುದು ಒಂದೇ ದಿಕ್ಕಿನ ಒತ್ತಡದಲ್ಲಿ. ಥ್ರೆಡ್ಡಿನ ದಪ್ಪದ ಅರ್ಧದಷ್ಟು ಆಟ ಬಂದಿದ್ದರೆ ಅದರ ಮೇಲೆ ಬಣ್ಣ ಬಳಿದು ಕೂರಿಸುವುದು ವ್ಯರ್ಥ.

ಬಾಗಿದ ಹ್ಯಾಂಡಲನ್ನು ಎರಡು ಮರದ ತುಂಡುಗಳ ಮೇಲಿಟ್ಟು, ಉಬ್ಬಿದ ಕಡೆ ತಾಮ್ರದ ತುಂಡಿಟ್ಟು ಹೊಡೆದು ತಣ್ಣಗೇ ನೇರ ಮಾಡಿದೆ. ಮೆದು ಉಕ್ಕಾದ್ದರಿಂದ ಬಗ್ಗುತ್ತದೆ. ಹೊಸದು ಹಾಕುವುದಾದರೂ ಮೆದು ಉಕ್ಕಿನ ಸರಳನ್ನೇ, ಅಷ್ಟೇ ದಪ್ಪ, ಅಷ್ಟೇ ಉದ್ದ ಹಾಕಬೇಕು. ಗಟ್ಟಿ ಉಕ್ಕಿನ ಉದ್ದ ಹ್ಯಾಂಡಲ್ ಹಾಕಿದರೆ ಜೋರು ಸಿಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಹ್ಯಾಂಡಲ್ ಬಗ್ಗುವುದೇ ಎಚ್ಚರಿಕೆ. ಅದು ಬಗ್ಗದಿದ್ದರೆ ಆ ಬಲವನ್ನು ತಿನ್ನುವುದು ನಟ್ಟಿನ ಥ್ರೆಡ್ ಅಥವಾ ದವಡೆಯ ಬುಡ.

ಬಣ್ಣದ ವಿಚಾರ ಚಿಕ್ಕದು. ಜಾರುವ ಮುಖ, ಪ್ಲೇಟು ಕೂರುವ ಜಾಗ, ಥ್ರೆಡ್ ತೂತುಗಳಿಗೆ ಟೇಪ್ ಅಂಟಿಸಿ, ಥಿನ್ನರಿನಿಂದ ಎರಡು ಸಲ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ, ಎನಾಮೆಲ್ ತೆಳ್ಳಗೆ ಎರಡು ಕೈ. ಪ್ಲೇಟು ಕೂರುವ ಜಾಗಕ್ಕೆ ಬಣ್ಣ ಬಿದ್ದರೆ ಪ್ಲೇಟು ಸಮನಾಗಿ ಕೂರುವುದಿಲ್ಲ. ಅಡಿಯಲ್ಲಿ ಟೊಳ್ಳು ಇರುವ ಗಟ್ಟಿ ಪ್ಲೇಟು ಹೊಡೆತಕ್ಕೆ ಸೀಳುತ್ತದೆ.

ಜೋಡಿಸುವಾಗ ಗ್ರೀಸು ಎಲ್ಲಿ, ಎಷ್ಟು ಎಂಬುದೇ ಮುಖ್ಯ. ಸ್ಕ್ರೂವಿನ ತಲೆ ಮುಂದಿನ ದವಡೆಗೆ ಒತ್ತುವ ವಾಷರ್ ಜಾಗದಲ್ಲಿ ಧಾರಾಳವಾಗಿ ಲಿಥಿಯಂ ಗ್ರೀಸ್ ಹಾಕಿದೆ. ವೈಸ್ ಬಿಗಿಯುವಾಗ ನಾವು ಹಾಕುವ ಬಲದ ದೊಡ್ಡ ಪಾಲು ಇಲ್ಲಿನ ಘರ್ಷಣೆಗೇ ಹೋಗುತ್ತದೆ, ಆದರೂ ಬಹಳ ಜನ ಮರೆಯುವ ಜಾಗ ಇದು. ಥ್ರೆಡ್ಡಿಗೆ ತೆಳುವಾದ ಒಂದು ಪದರ ಸಾಕು. ಹೆಚ್ಚಾದ ಗ್ರೀಸು ಅರದ ಪುಡಿಯನ್ನು ಹಿಡಿದು ಥ್ರೆಡ್ ಸವೆಸುವ ಪೇಸ್ಟ್ ಆಗುತ್ತದೆ. ಜಾರುಪಟ್ಟಿಗೆ ಗ್ರೀಸೇ ಬೇಡ, ಎಣ್ಣೆ ಒರೆಸಿದ ಬಟ್ಟೆ ಸಾಕು. ಸ್ಪ್ರಿಂಗ್, ವಾಷರ್, ಹೊಸ ಸ್ಪ್ಲಿಟ್ ಪಿನ್. ಪಿನ್ನಿನ ಎರಡೂ ಬಾಲಗಳನ್ನು ಸ್ಕ್ರೂವಿನ ಮೈಗೆ ಒತ್ತಿ ಬಾಗಿಸಿ, ಜಾರುವ ತೋಡಿನಲ್ಲಿ ಅವು ಎಲ್ಲೂ ಉಜ್ಜದಂತೆ ನೋಡಿಕೊಂಡೆ.

ದವಡೆ ಸಮಾಂತರವಾಗಿದೆಯೇ ಎಂದು ತಿಳಿಯಲು ಬರೆಯುವ ಕಾಗದದ ನಾಲ್ಕು ಪಟ್ಟಿ ಕತ್ತರಿಸಿ, ನಾಲ್ಕು ಮೂಲೆಗೆ ಒಂದೊಂದಿಟ್ಟು, ಎರಡು ಬೆರಳಿನ ಬಲದಲ್ಲಿ ಬಿಗಿದು ಒಂದೊಂದಾಗಿ ಎಳೆದು ನೋಡಬೇಕು. ಮೇಲಿನ ಎರಡು ಮೊದಲು ಹಿಡಿದರೆ ಚಿಂತೆಯಿಲ್ಲ. ಇನ್ನಷ್ಟು ಬಿಗಿದಾಗ ಚಲಿಸುವ ದವಡೆ ಸ್ವಲ್ಪ ಹಿಂದಕ್ಕೆ ವಾಲಿ ಕೆಳಗಿನವೂ ಹಿಡಿಯುತ್ತವೆ. ಕೆಳಗಿನವು ಮಾತ್ರ ಹಿಡಿದರೆ ಕೆಲಸದ ತುಂಡು ಮೇಲಕ್ಕೆ ಜಾರುತ್ತದೆ. ಎಡ ಬಲ ವ್ಯತ್ಯಾಸವಿದ್ದರೆ ಸಡಿಲವಿರುವ ಕಡೆ ಪ್ಲೇಟಿನ ಹಿಂದೆ 0.1 ಮಿ.ಮೀ. ಹಿತ್ತಾಳೆ ತಗಡಿನ ತುಂಡು ಕೊಟ್ಟು ಸರಿಮಾಡಬಹುದು. ತುಂಡು ಪ್ಲೇಟಿನ ಪೂರ್ತಿ ಎತ್ತರಕ್ಕೆ ಇರಲಿ, ಸ್ಕ್ರೂವಿನ ತೂತಿನ ಸುತ್ತಲೂ ಬರಲಿ. ಇಲ್ಲಿ ಬಲಗಡೆ ಒಂದು ತುಂಡು ಬೇಕಾಯಿತು. ಮೆದು ಲೋಹ ಹಿಡಿಯುವಾಗ ಗುರುತು ಬೀಳದಿರಲು ಅಲ್ಯೂಮಿನಿಯಂ ಆಂಗಲ್‌ನ ಎರಡು ತುಂಡನ್ನು ದವಡೆಯ ಅಗಲಕ್ಕೆ ಕತ್ತರಿಸಿ ಇಟ್ಟುಕೊಂಡರೆ ಬೇಕಾದಾಗ ಮೇಲೆ ಹೊದಿಸಬಹುದು.

ಬೆಂಚಿಗೆ ಕೂರಿಸುವಾಗ ಸ್ಥಿರ ದವಡೆಯ ಮುಖ ಬೆಂಚಿನ ಅಂಚಿಗಿಂತ ಒಂದೆರಡು ಮಿ.ಮೀ. ಹೊರಗಿರಬೇಕು. ಆಗಲೇ ಉದ್ದನೆಯ ಸರಳನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಲು ಬರುತ್ತದೆ. ಜಾಗ ಬೆಂಚಿನ ಕಾಲಿನ ಮೇಲೆಯೇ, ಎರಡು ಕಾಲಿನ ನಡುವೆ ಬೇಡ. ನಡುವೆ ಕೂರಿಸಿದರೆ ಪ್ರತಿ ಏಟಿಗೂ ಹಲಗೆ ಪುಟಿದು ಏಟಿನ ಬಲ ವ್ಯರ್ಥ. ಎತ್ತರಕ್ಕೆ ಹಳೆಯ ಲೆಕ್ಕವೇ ಸರಿ: ನೆಟ್ಟಗೆ ನಿಂತು ಮುಷ್ಟಿಯನ್ನು ಗದ್ದದಡಿ ಇಟ್ಟರೆ ಮೊಣಕೈ ದವಡೆಯ ತಲೆಗೆ ತಾಗಬೇಕು. ಅರ ಹಾಕುವಾಗ ಭುಜಕ್ಕೆ ದಣಿವಾಗದ ಎತ್ತರ ಅದು. ಮರದ ಸ್ಕ್ರೂ ಸಾಲದು, ಹಲಗೆಯ ಆಚೆ ಹೊರಬರುವ ಎಂ10 ಅಥವಾ ಎಂ12 ಬೋಲ್ಟ್ ಬೇಕು, ಅಡಿಯಲ್ಲಿ ಕಬ್ಬಿಣದ ಪಟ್ಟಿ. ಬಿರುಕಿದ್ದ ಕಿವಿಗೆ 5 ಮಿ.ಮೀ. ದಪ್ಪದ ಅಗಲ ವಾಷರ್ ಹಾಕಿ, ಉಳಿದ ಬೋಲ್ಟುಗಳನ್ನು ಪೂರ್ತಿ ಬಿಗಿದ ಮೇಲೆ ಕೊನೆಯಲ್ಲಿ ಇದನ್ನು ಹದವಾಗಿ ಬಿಗಿದೆ. ಬೆಂಚಿನ ಹಲಗೆ ಅಲ್ಲಿ ಸಮನಾಗಿಲ್ಲದಿದ್ದರೆ ಕಿವಿಯಡಿ ತಗಡು ಕೊಡಬೇಕು, ಬೋಲ್ಟಿನ ಬಲದಿಂದ ಕಿವಿಯನ್ನು ಹಲಗೆಗೆ ಎಳೆದರೆ ಬಿರುಕು ಮುಂದುವರಿಯುತ್ತದೆ. ಮರ ಒತ್ತಡಕ್ಕೆ ಕುಗ್ಗುವುದರಿಂದ ಒಂದು ವಾರ ಕೆಲಸ ಮಾಡಿದ ಮೇಲೆ ನಾಲ್ಕೂ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.